ಹನ್ನೆರಡು ದಿನದ ಬ್ಯಾಂಡ್ ಕ್ಯಾಂಪು, ಐದು ಸಂಜೆಯ ಜಾಝು: ಕಳಿಸಬಹುದಾ ಅಂತ ಕೇಳ್ದವರಿಗೆ

ಮೊದಲೇ ಹೇಳ್ಬಿಡ್ತೀನಿ, ಕ್ಯಾಂಪಿನ ಹೆಸರೂ ಹಾಕಲ್ಲ, ಹೋಟೆಲಿನ ಹೆಸರೂ ಹಾಕಲ್ಲ. ಕಾರವಾರ ಎಷ್ಟು ದೊಡ್ಡ ಊರು ಅಂತ ಎಲ್ರಿಗೂ ಗೊತ್ತಿದೆ, ಇವತ್ತು ಬೈದು ಬರೆದ್ರೆ ನಾಳೆ ಮೀನು ಪೇಟೆಲಿ ಅವರೇ ಎದುರು ಸಿಗ್ತಾರೆ, ಆಮೇಲೆ ನಮ್ಮ ಚಿಕ್ಕಮ್ಮನಿಗೆ ಮುಖ ತೋರ್ಸೋದು ಕಷ್ಟ. ಆದ್ರೆ ಮುಂದಿನ ಬೇಸಿಗೆಗೆ ಮಕ್ಕಳನ್ನ ಕಳಿಸ್ಬೇಕಾ ಬೇಡ್ವಾ ಅಂತ ಮೂರ್ನಾಲ್ಕು ಜನ ಕೇಳಿದ್ರು, ಒಬ್ಬೊಬ್ಬರಿಗೇ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಸಾಕಾಯ್ತು, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ. ಉದ್ದ ಆಗುತ್ತೆ, ಚಾ ಇಟ್ಕೊಂಡು ಕೂತ್ಕೊಳ್ಳಿ.

ನಾನು ಕುಮಟಾದವಳು, ಈ ಸಲ ಸೆಕೆಂಡ್ ಪಿಯುಸಿ ಮುಗೀತು. ಆಲ್ಟೊ ಸ್ಯಾಕ್ಸೊಫೋನ್ ಊದೋಕೆ ಶುರು ಮಾಡಿ ಆರು ವರ್ಷ. ಕಲಿತದ್ದು ಪೂರ್ತಿ ಕರ್ನಾಟಕಿ, ನಮ್ಮ ಗುರುಗಳು ಮದುವೆ, ದೇವಸ್ಥಾನದ ಉತ್ಸವ ಅಂತ ವರ್ಷವಿಡೀ ಓಡಾಡೋರು, ನಾನೂ ಎರಡು ವರ್ಷದಿಂದ ಅವರ ಪಕ್ಕ ಕೂತು ಊದ್ತೀನಿ. ಹುಡುಗಿ ಯಾಕೆ ಇದನ್ನ ಹಿಡ್ಕೊಂಡ್ಲು ಅಂತ ಕೇಳೋರಿಗೆ ಅಪ್ಪನದ್ದು ಒಂದೇ ಉತ್ತರ, ಕದ್ರಿ ಗೋಪಾಲನಾಥ್ ಕ್ಯಾಸೆಟ್ಟು. ನಾಗಸ್ವರದ ಮನೆತನದಲ್ಲಿ ಹುಟ್ಟಿದವರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದರಲ್ಲಿ ಗಮಕ (ಸ್ವರವನ್ನ ತೂಗಿ ಜಾರಿಸೋದು) ಹೊರಡಿಸೋಕೆ ವರ್ಷಗಟ್ಲೆ ಒದ್ದಾಡಿ, ಕಡೆಗೆ 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದ ತನಕ ಹೋದ್ರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ತಗೊಂಡಾಗ ಇದು ಮುಂದೊಂದು ದಿನ ಕರಾವಳಿ ಮದುವೆಲಿ ಧಾರೆ ಹೊತ್ತಿಗೆ ಕೂಗುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಕ್ಕಿಲ್ಲ.

ಜಾಝ್ ಮಾತ್ರ ನಂಗೆ ಮೊಬೈಲಲ್ಲಿ ಅಷ್ಟೇ ಗೊತ್ತು. ಗೋಪಾಲನಾಥ್ ಅವರು ಅಮೆರಿಕದ ರುದ್ರೇಶ್ ಮಹಂತಪ್ಪ ಜೊತೆ ಮಾಡಿದ 2008ರ ‘ಕಿನ್ಸ್‌ಮೆನ್’ ಆಲ್ಬಮ್ ಇದೆಯಲ್ಲ, ಎರಡು ಆಲ್ಟೊ, ಒಂದು ನಮ್ಮದು ಒಂದು ಅವರದು, ಅದನ್ನ ಎಷ್ಟು ಕೇಳಿದ್ರೂ ಆ ಕಡೆಯೋರು ಎಂತ ಮಾಡ್ತಿದಾರೆ ಅನ್ನೋದು ಒಂದು ಚೂರೂ ತಲೆಗೆ ಹತ್ತಿರ್ಲಿಲ್ಲ. ಅದಕ್ಕೇ ಅಪ್ಪ ಕಾರವಾರದ ಈ ಕ್ಯಾಂಪಿನ ಪಾಂಪ್ಲೆಟ್ ತಂದು ಟೇಬಲ್ ಮೇಲೆ ಇಟ್ಟಾಗ ಎರಡನೇ ಮಾತಿಲ್ಲದೆ ಹೂಂ ಅಂದೆ. ಹನ್ನೆರಡು ದಿನ, ಬೆಳಿಗ್ಗೆ 9ರಿಂದ 4, ಮಧ್ಯಾಹ್ನ ಊಟ, ವೀಕೆಂಡಿನ ಆರು ಸಂಜೆ ‘ಲೈವ್ ಜಾಝ್ ಅನುಭವ’, ಎಲ್ಲ ಸೇರಿ 9,500 ರೂಪಾಯಿ. ಉಳಿಯೋಕೆ ಕಾಜುಬಾಗದಲ್ಲಿ ಚಿಕ್ಕಮ್ಮನ ಮನೆ. (ಹೊರಗಿನಿಂದ ಬರೋ ಹೆಣ್ಣುಮಕ್ಕಳಿಗೆ ರೂಮ್ ಇದೆ ಅಂತ ಪಾಂಪ್ಲೆಟಲ್ಲಿ ಇತ್ತು, ಅಲ್ಲಿ ಹೋದ್ರೆ ಇರ್ಲಿಲ್ಲ, ಶಿರಸಿಯಿಂದ ಬಂದ ಒಬ್ಳು ಮೂರನೇ ದಿನ ವಾಪಸ್ ಹೋದ್ಲು. ಇದನ್ನ ಮೊದಲೇ ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ.)

ಕ್ಯಾಂಪ್ ನಡೆದದ್ದು ಕೋಡಿಬಾಗ ಕಡೆಯ ಒಂದು ಮದುವೆ ಹಾಲಲ್ಲಿ. ಮೇ ತಿಂಗಳು, ತಗಡಿನ ಮಾಡು, ಎಂಟು ಫ್ಯಾನು, ಅದರಲ್ಲಿ ಮೂರು ತಿರುಗ್ತಾ ಅಳ್ತಿದ್ವು. ಒಟ್ಟು ಇಪ್ಪತ್ತಾರು ಮಕ್ಕಳು. ಕೀಬೋರ್ಡ್ ಒಂಬತ್ತು, ಗಿಟಾರ್ ಆರೇಳು, ಟ್ರಂಪೆಟ್ ಎರಡು, ಕ್ಲಾರಿನೆಟ್ ಒಂದು, ಸ್ಯಾಕ್ಸ್ ನಾನೊಬ್ಳೇ, ಡ್ರಮ್ಸ್ ಅಂತ ಹೆಸರು ಕೊಟ್ಟೋರು ನಾಲ್ಕು ಜನ, ಇನ್ನುಳಿದವರು ಶಾಲೆ ಪರೇಡಿನ ಬ್ಯೂಗಲ್ ತಂದಿದ್ರು. ಬ್ಯೂಗಲ್ಲಿಗೆ ವಾಲ್ವೇ ಇಲ್ಲ, ತುಟಿ ಬಿಗಿ ಸಡಿಲ ಮಾಡಿ ನಾಲ್ಕೈದು ಸ್ವರ ಹೊರಡಿಸ್ಬಹುದು ಅಷ್ಟೇ, ಅದನ್ನ ಹಿಡ್ಕೊಂಡು ಜಾಝ್ ಕ್ಯಾಂಪಿಗೆ ಸೇರಿಸ್ಕೊಂಡದ್ದು ಯಾಕೆ ಅಂದ್ರೆ ತಲೆಗೆ 9,500 ಬರುತ್ತೆ ಅಂತ, ಬೇರೆ ಕಾರಣ ನಂಗಂತೂ ಕಾಣಲ್ಲ.

ಮೊದಲ ದಿನದ ಕಥೆ ಹೇಳ್ಲೇಬೇಕು. ಥಿಯರಿ ಸರ್ ಬೆಂಗಳೂರಿಂದ ಬಂದ ಗಿಟಾರಿಸ್ಟ್, ಒಳ್ಳೆಯವರೇ, ಎಲ್ರಿಗೂ ಒಂದೇ ಜೆರಾಕ್ಸ್ ಹಂಚಿದ್ರು, ಸಿ ಇಂದ ಶುರುವಾಗೋ ನಾಲ್ಕು ಸಾಲು, ಒನ್ ಟೂ ತ್ರೀ ಫೋರ್ ಅಂದ್ರು, ಊದಿದ್ವಿ. ಮಾರಾಯ್ರೆ, ಮೂರು ದೇವರ ಪಲ್ಲಕ್ಕಿ ಮೂರು ಕಡೆಯಿಂದ ಒಂದೇ ಓಣಿಗೆ ನುಗ್ಗಿದ ಹಾಗೆ ಆಯ್ತು. ಕಾರಣ ಇಷ್ಟೇ: ಕೀಬೋರ್ಡಲ್ಲಿ ಸಿ ಒತ್ತಿದ್ರೆ ಸಿ ಬರುತ್ತೆ, ಟ್ರಂಪೆಟಲ್ಲಿ ಸಿ ಅಂತ ಬರೆದದ್ದನ್ನ ಊದಿದ್ರೆ ಬಿ ಫ್ಲ್ಯಾಟ್ ಕೇಳುತ್ತೆ, ನನ್ನ ಆಲ್ಟೊದಲ್ಲಿ ಇ ಫ್ಲ್ಯಾಟ್ ಕೇಳುತ್ತೆ. ಆ ವಾದ್ಯಗಳು ಇರೋದೇ ಹಾಗೆ, ಪ್ರತಿಯೊಂದಕ್ಕೂ ಬೇರೆ ಬೇರೆ ಹಾಳೆ ಬರೀಬೇಕು. ಸರ್ ಕಿವಿ ಮುಚ್ಕೊಂಡು ‘ಯಾರು ರಾಂಗ್?’ ಅಂದ್ರು. ಯಾರೂ ರಾಂಗ್ ಇಲ್ಲ ಸರ್, ಜೆರಾಕ್ಸ್ ರಾಂಗು. ಅವತ್ತು ಪೂರ್ತಿ ದಿನ, ಮಾರನೇ ದಿನ ಊಟದ ತನಕ, ನಾನೂ ಆ ಟ್ರಂಪೆಟ್ ಹುಡುಗರೂ ಪೆನ್ಸಿಲ್ಲಲ್ಲಿ ಹಾಳೆ ತಿದ್ದುತ್ತಾ ಕೂತ್ವಿ. ಒಂದೂವರೆ ದಿನ. ಫೀಸನ್ನ ಹನ್ನೆರಡರಿಂದ ಭಾಗಿಸಿ ನೋಡಿ, ಹೊಟ್ಟೆ ಉರಿಯುತ್ತೆ.

ಆಮೇಲೆ ಏಳನೇ ದಿನ ಮಂಗಳವಾರ ಹೋದ್ರೆ ಹಾಲಿನ ಬಾಗಿಲಿಗೆ ಮಾವಿನ ತೋರಣ! ಮದುವೆ ಬುಕ್ ಆಗಿತ್ತಂತೆ. ಮದುವೆ ಹಾಲಲ್ಲಿ ಮದುವೆ ಇರುತ್ತೆ, ಸರಿ, ಅದು ಅವರಿಗೆ ಮುಂಚೆ ಗೊತ್ತಿರ್ಬೇಕಲ್ವಾ? ನಮ್ಮನ್ನ ಹಿಂದುಗಡೆ ಅಡಿಗೆ ಶೆಡ್ಡಿನ ಪಕ್ಕ ಕೂರ್ಸಿದ್ರು, ಅಲ್ಲಿ ಈರುಳ್ಳಿ ಹೆಚ್ಚೋರ ಜೊತೆ ನಾವೂ ಕಣ್ಣೀರು ಹಾಕಿ ಹನ್ನೊಂದಕ್ಕೆ ಮನೆಗೆ ಬಂದ್ವಿ. ಆ ದಿನದ ದುಡ್ಡು ವಾಪಸ್ ಕೊಡಿ ಅಂತ ಅಪ್ಪ ಫೋನ್ ಮಾಡಿದ್ರೆ ‘ಅಡ್ಜಸ್ಟ್ ಮಾಡ್ಕೊಳ್ಳಿ ಸರ್, ಮಕ್ಕಳಿಗೆ ಪಾಯಸ ಕೊಟ್ಟಿದ್ವಲ್ಲ’ ಅಂದ್ರು. ಪಾಯಸ ಕೊಟ್ಟದ್ದು ಹೌದು. ಅದು ಮದುಮಗಳ ಕಡೆಯೋರು ಕೊಟ್ಟದ್ದು.

ಊಟ ಚೆನ್ನಾಗಿತ್ತು, ಅದರಲ್ಲಿ ದೂರು ಇಲ್ಲ. ಕುಚಲಕ್ಕಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಊದೋರಿಗೆ ಒಂದು ಮಾತು, ಹೊಟ್ಟೆ ಬಿರಿಯ ತಿಂದು ಎರಡು ಗಂಟೆಗೆ ಸ್ಯಾಕ್ಸ್ ಹಿಡಿಬೇಡಿ, ಉಸಿರೇ ಕೆಳಗೆ ಇಳಿಯಲ್ಲ.

ಪಾಠದಲ್ಲಿ ಸಿಕ್ಕಿದ್ದು ಏನೂ ಇಲ್ವಾ ಅಂದ್ರೆ ಇದೆ, ಹೆಚ್ಚು ಸಿಕ್ಕಿದ್ದು ಡ್ರಮ್ಸ್ ಸರ್ ಹತ್ರ, ಅವರು ಮಡಗಾಂವ್‌ನವರು. ಸ್ವಿಂಗ್, ಜಾಝಿನ ಆ ತೂಗೋ ಲಯ, ಅಂದ್ರೆ ಎಂತ ಅಂತ ಎಲ್ರೂ ಬೋರ್ಡ್ ಮೇಲೆ ಗೀಟು ಹಾಕಿ ಹೇಳ್ತಾರೆ, ಇವರು ನಂಗೆ ‘ನಿಮ್ಮಲ್ಲಿ ತಿಶ್ರ ನಡೆ ಇದೆಯಲ್ಲ, ಒಂದು ಎಣಿಕೆಗೆ ಮೂರು, ತಕಿಟ, ಅದ್ರಲ್ಲಿ ಮೊದಲನೇದನ್ನೂ ಮೂರನೇದನ್ನೂ ಊದು, ನಡುವಿನದ್ದನ್ನ ನುಂಗು’ ಅಂದ್ರು. ಅಷ್ಟೇ. ತ–ಟ ತ–ಟ ತ–ಟ. ಉದ್ದ ಗಿಡ್ಡ ಉದ್ದ ಗಿಡ್ಡ. ಎರಡು ದಿನದಿಂದ ಬರದೇ ಇದ್ದದ್ದು ಐದು ನಿಮಿಷದಲ್ಲಿ ಬಂತು. ಸ್ಪೀಡ್ ಜಾಸ್ತಿ ಆದ ಹಾಗೆ ಆ ಉದ್ದ ಗಿಡ್ಡದ ವ್ಯತ್ಯಾಸ ಕಮ್ಮಿ ಆಗ್ತಾ ಹೋಗುತ್ತೆ, ಅದಕ್ಕೆ ಲೆಕ್ಕ ಇಲ್ಲ, ಕೇಳಿ ಕೇಳಿ ಬರ್ಬೇಕು ಅಂದ್ರು. ಚಪ್ಪಾಳೆನೂ ಅಷ್ಟೇ, ನಾವೆಲ್ಲ ಭಜನೆಲಿ ಹೊಡೆದು ರೂಢಿ, ಒಂದು ಮೂರಕ್ಕೆ ಕೈ ತಾನಾಗೇ ಬೀಳುತ್ತೆ, ಇಲ್ಲಿ ಎರಡು ಮತ್ತೆ ನಾಲ್ಕಕ್ಕೆ ಹೊಡೀಬೇಕು. ಇಪ್ಪತ್ತಾರು ಮಕ್ಕಳು ಎರಡು ನಾಲ್ಕು ಅಂತ ಶುರು ಮಾಡಿ ಎಂಟನೇ ಬಾರ್‌ಗೆ (ಬಾರ್ ಅಂದ್ರೆ ಇಲ್ಲಿ ನಾಲ್ಕು ಎಣಿಕೆಯ ಒಂದು ತುಂಡು) ಬರೋ ಹೊತ್ತಿಗೆ ಒಂದು ಮೂರಕ್ಕೆ ಜಾರಿರ್ತಿದ್ವಿ.

ಗುಣವಂತೆ ಕಡೆಯ ಒಬ್ಬ ಹುಡುಗ ಬಂದಿದ್ದ, ಯಕ್ಷಗಾನದ ಚಂಡೆ ಬಾರಿಸೋನು. ಅವನ ಕೈಗೆ ಸರ್ ಬ್ರಷ್ ಕೊಟ್ರು, ತಂತಿ ಕಡ್ಡಿಯ ಬ್ರಷ್ಷು, ಸ್ನೇರ್ ಮೇಲೆ ಸುತ್ತಿಸ್ತಾ ಸರ್ ಸರ್ ಅಂತ ಮೆತ್ತಗೆ ಉಜ್ಜೋದು. ಅವ ಅದನ್ನ ತಿರುಗಿಸಿ ಮುರುಗಿಸಿ ನೋಡಿ ‘ಎಂತ ಸರ್ ಇದು, ಕಸಬರಿಗೆಯಾ?’ ಅಂದ. ಎರಡು ಊರಾಚೆ ಕೇಳ್ಬೇಕು ಅಂತ ಬಾರಿಸಿ ಬೆಳೆದ ಕೈ ಅದು, ಪಾಪ. ಆದ್ರೆ ಕೊನೇ ದಿನದ ಹೊತ್ತಿಗೆ ಬ್ರಷ್ ಹಿಡಿದು ನಿಧಾನದ ಟ್ಯೂನ್ ಒಂದನ್ನ ಎಷ್ಟು ಚಂದ ಹಿಡಿದ ಅಂದ್ರೆ, ಇಡೀ ಕ್ಯಾಂಪಲ್ಲಿ ದುಡ್ಡಿಗೆ ಮೋಸ ಆಗದ ಒಬ್ಬ ಇದ್ರೆ ಅವನೇ.

ನನ್ನ ಸೊಕ್ಕು ಮುರಿದದ್ದು ಐದರ ಟ್ಯೂನಲ್ಲಿ. ಅಮೆರಿಕದ ಡೇವ್ ಬ್ರೂಬೆಕ್ ಕ್ವಾರ್ಟೆಟ್ (ನಾಲ್ವರ ಜಾಝ್ ತಂಡ) 1959ರಲ್ಲಿ ರೆಕಾರ್ಡ್ ಮಾಡಿದ್ದು, ಬರೆದವರು ಅವರ ಆಲ್ಟೊ ಸ್ಯಾಕ್ಸ್‌ನ ಪಾಲ್ ಡೆಸ್ಮಂಡ್, ‘ಟೇಕ್ ಫೈವ್’ ಅಂತ, ಒಂದು ಬಾರ್‌ಗೆ ಐದು ಎಣಿಕೆ. ಉಳಿದವರೆಲ್ಲ ಐದು ಎಣಿಸೋಕೆ ಬೆರಳು ಮಡಚ್ತಾ ಇದ್ರೆ ನಾನು ಒಳಗೊಳಗೇ ನಕ್ಕೆ, ನಮ್ಮ ಐದರ ತಾಳ ಖಂಡ ಛಾಪು ನಾನು ನಿದ್ದೆಲೂ ಹಾಕ್ತೀನಿ, ತಕ ತಕಿಟ ತಕ ತಕಿಟ. ಊದೋಕೆ ಶುರು ಮಾಡ್ದೆ, ಎರಡನೇ ಬಾರ್‌ಗೇ ಎಲ್ಲೋ ಕಾಲು ಸಿಕ್ಕಿಹಾಕ್ಕೊಂಡ ಹಾಗೆ ಆಯ್ತು. ಡ್ರಮ್ಸ್ ಸರ್ ನಿಲ್ಲಿಸಿ ನಗ್ತಾ ಹೇಳಿದ್ರು, ನಿನ್ನದು ಎರಡು ಮೂರು, ಇದು ಮೂರು ಎರಡು. ತಕಿಟ ತಕ. ಐದು ಐದೇ, ಆದ್ರೆ ಮುರಿಯೋ ಜಾಗ ಬೇರೆ. ಐದೇ ಗೊತ್ತಿಲ್ಲದ ಕ್ಲಾರಿನೆಟ್ ಹುಡುಗಿ ನನಗಿಂತ ಮುಂಚೆ ಕಲಿತ್ಲು, ಅವಳಿಗೆ ಮರೀಬೇಕಾದ್ದು ಏನೂ ಇರ್ಲಿಲ್ಲ.

ಈಗ ಸಂಜೆಗಳ ವಿಷಯ, ನಾನು ಇಷ್ಟು ಬರೀತಿರೋದೇ ಅದಕ್ಕೆ.

ಹೋಟೆಲು ಕಾಳಿ ನದಿ ದಾಟಿ, ಸದಾಶಿವಗಡದಿಂದ ಮುಂದೆ ಮಾಜಾಳಿ ಕಡೆ, ಸಮುದ್ರದ ಪಕ್ಕ. ಟೆಂಪೊದಲ್ಲಿ ಕರ್ಕೊಂಡು ಹೋಗ್ತಿದ್ರು. ಹಳೇ ಸೇತುವೆ 2024ರ ಆಗಸ್ಟಲ್ಲಿ ಬಿದ್ದ ಮೇಲೆ ಅಲ್ಲಿ ಸಂಜೆ ಹೊತ್ತು ಗಾಡಿ ಹೇಗೆ ನಿಲ್ಲುತ್ತೆ ಅಂತ ಗೊತ್ತಲ್ಲ, ಮೊದಲ ಶುಕ್ರವಾರ ನಾವು ತಲುಪೋ ಹೊತ್ತಿಗೆ ಅರ್ಧ ಮುಗಿದಿತ್ತು. ಆರು ಸಂಜೆ ಅಂದದ್ದು ಐದೇ ಆಯ್ತು, ಮೊದಲ ಭಾನುವಾರ ಗಾಳಿ ಮಳೆ ಬಂದು ಶಾಮಿಯಾನ ಹಾರಿ ಹೋಯ್ತು. ಅದಕ್ಕೆ ಯಾರನ್ನೂ ಬೈಯಲ್ಲ, ಮೇ ಕೊನೆ ಅಂದ್ರೆ ಹಾಗೇ.

ಬ್ಯಾಂಡು ನಾಲ್ಕೇ ಜನ, ಗೋವಾದಿಂದ ಬರ್ತಿದ್ರು. ಕೀಬೋರ್ಡು, ಮನುಷ್ಯನಿಗಿಂತ ಎತ್ತರದ, ನಿಂತು ನುಡಿಸೋ ಬೇಸು, ನಮ್ಮ ಡ್ರಮ್ಸ್ ಸರ್ರು, ಮತ್ತೆ ಟ್ರಂಪೆಟ್ ಹಿಡಿದ ಒಬ್ಬ ಅಜ್ಜ, ಎಪ್ಪತ್ತು ದಾಟಿರ್ಬಹುದು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಿಗೆ ಹವಾಯಿ ಚಪ್ಪಲಿ. ಅಜ್ಜನ ಪಕ್ಕ ಕುರ್ಚಿ ಮೇಲೆ ಯಾವಾಗಲೂ ಒಂದು ರಬ್ಬರ್ ಬಟ್ಟಲು. ಏನದು ಅಂತ ನೋಡಿದ್ರೆ ಸಿಂಕ್ ಕಟ್ಟಿದಾಗ ಒತ್ತಿ ಎಳೀತೀವಲ್ಲ ಪ್ಲಂಜರ್ರು, ಅದರ ಕೋಲು ತೆಗೆದ ರಬ್ಬರು! ಅದನ್ನ ಟ್ರಂಪೆಟ್ಟಿನ ಬಾಯಿಗೆ ಹಿಡಿದು ಮುಚ್ಚಿ ತೆಗೆದು ಮುಚ್ಚಿ ತೆಗೆದು ಊದಿದ್ರೆ ವಾ ವಾ ಅಂತ ಮನುಷ್ಯ ಮಾತಾಡಿದ ಹಾಗೇ ಆಗುತ್ತೆ, ಅಮೆರಿಕದ ಡ್ಯೂಕ್ ಎಲಿಂಗ್ಟನ್ ಜಾಝ್ ಆರ್ಕೆಸ್ಟ್ರಾದ ಟ್ರಂಪೆಟ್ಟಿನೋರು 1920ರ ದಶಕದಲ್ಲೇ ಇದನ್ನ ಹೆಸರುವಾಸಿ ಮಾಡಿದ್ರು. ಪ್ಲೇಟ್ ಎತ್ತೋ ಹುಡುಗ ಎರಡನೇ ದಿನ ಅದು ಹೋಟೆಲಿಂದೇ ಅಂತ ತಿಳ್ಕೊಂಡು ಬಾತ್ರೂಮಿಗೆ ಒಯ್ದು ಇಟ್ಟು ಬಂದಿದ್ದ, ಅಜ್ಜ ಅರ್ಧ ಗಂಟೆ ಕೊಂಕಣಿಲಿ ಬೈದದ್ದು ಅವತ್ತಿನ ಅತ್ಯುತ್ತಮ ಸೋಲೊ.

ಬ್ರೇಕಲ್ಲಿ ಅಜ್ಜ ಬಂಗುಡೆ ತಿಂತಾ ಹಳೇ ಕಥೆ ಹೇಳ್ತಿದ್ರು. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ವಯಲಿನ್ನೂ ನೊಟೇಶನ್ನೂ ಕಲಿಸ್ತಿದ್ರು, ಹಾಗಾಗಿ ಓದಿ ನುಡಿಸೋ ಕೈ ಬೇಕು ಅಂದಾಗ ಮುಂಬೈ ಹೋಟೆಲುಗಳಿಗೆ ಸಿಕ್ಕಿದ್ದು ಗೋವಾದೋರು. 1935ರಲ್ಲಿ ಲಿಯಾನ್ ಆಬಿ ಅಂತ ಅಮೆರಿಕದ ಕಪ್ಪು ಸಂಗೀತಗಾರ ತನ್ನ ಬ್ಯಾಂಡ್ ತಂದು ತಾಜ್ ಹೋಟೆಲಲ್ಲಿ ನುಡಿಸಿದ, ಅಲ್ಲಿಂದ ಆ ಹುಚ್ಚು ಹತ್ತಿದ್ದು. ಗೋವಾದ ಅಲ್ಡೋನಾದ ಆಂಟೊನಿಯೊ ಶಾವಿಯರ್ ವಾಝ್, ಎಲ್ರೂ ಕರೆದದ್ದು ಚಿಕ್ ಚಾಕಲೇಟ್ ಅಂತ, ಟ್ರಂಪೆಟ್ ಹಿಡಿದ್ರೆ ಇಂಡಿಯಾದ ಲೂಯಿ ಆರ್ಮ್‌ಸ್ಟ್ರಾಂಗ್ (ಅಮೆರಿಕದ ದೊಡ್ಡ ಜಾಝ್ ಟ್ರಂಪೆಟ್‌ಗಾರ) ಅನ್ನಿಸ್ಕೊಂಡವರು, ರಾತ್ರಿ ಹೋಟೆಲಲ್ಲಿ ಜಾಝು, ಹಗಲು ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅಂಥವರ ಸಿನಿಮಾ ಹಾಡಿಗೆ. ನಮ್ಮ ಅಜ್ಜಿ ಗುನುಗೋ ಹಳೇ ಹಿಂದಿ ಹಾಡುಗಳ ನಡುವೆ ಬರೋ ಆ ಟ್ರಂಪೆಟ್ ತುಣುಕು ಎಷ್ಟೋ ಇಂಥವರದ್ದೇ. ಕಾಳಿ ನದಿಯಿಂದ ಗೋವಾದ ಪೋಳೆಂ ಗಡಿ ಎಷ್ಟು ದೂರ ಹೇಳಿ, ಪಕ್ಕದಲ್ಲೇ ಇದೆಲ್ಲ ಇತ್ತು, ನಮಗೆ ಗೋವಾ ಅಂದ್ರೆ ಬೇರೇನೋ.

ಹೋಟೆಲಿನ ಬಗ್ಗೆ: ಬಂಗುಡೆ ರವಾ ಫ್ರೈ ಬಿಸಿ ಬಿಸಿ, ಸೋಲ್ ಕಡಿ ನೀರು ನೀರು, ಕ್ಯಾಂಪಿನ ಮಕ್ಕಳಿಗೆ ಒಂದು ಸೋಡಾ ಫ್ರೀ, ಉಳಿದದ್ದು ನಮ್ಮದೇ ಖರ್ಚು. ಸ್ಟೇಜಿನ ಬೆನ್ನಿಗೇ ಜ್ಯೂಸ್ ಕೌಂಟರು. ಬೇಸಿನವರು ಕಣ್ಣು ಮುಚ್ಕೊಂಡು ಒಂದೊಂದೇ ತಂತಿ ಮೀಟ್ತಾ ಇರೋ ಹೊತ್ತಿಗೆ ಮಿಕ್ಸಿ ಗುರ್ರ್ ಅಂತ ಶುರು ಆದ್ರೆ ಹೇಗಿರುತ್ತೆ. ಒಂದ್ಸಲ ಅಲ್ಲ, ಪ್ರತಿ ರಾತ್ರಿ, ಪ್ರತಿ ನಿಧಾನದ ಟ್ಯೂನಿಗೆ. ಕೀಬೋರ್ಡಿನವರು ಕಡೆಗೆ ಮಿಕ್ಸಿಯ ಸ್ವರ ಹುಡುಕಿ ಅದೇ ಸ್ವರದಲ್ಲಿ ಒಂದು ಕಾರ್ಡ್ (ಒಟ್ಟಿಗೆ ಒತ್ತೋ ಮೂರ್ನಾಲ್ಕು ಸ್ವರ) ಒತ್ತಿದ್ರು, ನಾವೆಲ್ಲ ಬಿದ್ದು ಬಿದ್ದು ನಕ್ವಿ. ಕೂರೋದಾದ್ರೆ ಡ್ರಮ್ಸಿನ ಎಡಗಡೆ ಕೂರಿ, ಸ್ಪೀಕರ್ ಹತ್ರ ಬೇಡ.

ಎರಡನೇ ಶನಿವಾರ ಅಜ್ಜ ನನ್ನ ಕಡೆ ಬೆರಳು ಮಾಡಿದ್ರು, ಬಾ ಅಂತ. ಸ್ಯಾಕ್ಸ್ ತೆಗೆದ್ರೆ ಸಮುದ್ರದ ತೇವಕ್ಕೆ ಜಿ ಶಾರ್ಪ್ ಸ್ವರದ ತೂತು ಮುಚ್ಚೋ ಪ್ಯಾಡ್ ಅಂಟ್ಕೊಂಡು ಕೂತಿದೆ, ಎದ್ದೇ ಏಳ್ತಿಲ್ಲ. ಕೈ ನಡುಗ್ತಿದೆ. ಅಜ್ಜ ಜೇಬಿಂದ ಹತ್ತು ರೂಪಾಯಿಯ ಹೊಸ ನೋಟು ತೆಗೆದು ಪ್ಯಾಡಿನ ಅಡಿಗೆ ಸರಿಸಿ, ಮೇಲಿಂದ ಮೆಲ್ಲಗೆ ಒತ್ತಿ, ನೋಟನ್ನ ಎಳೆದ್ರು. ಎರಡು ಸಲ. ಪ್ಯಾಡ್ ಟಪ್ ಅಂತ ಎದ್ದಿತು. ನೋಟು ವಾಪಸ್ ಜೇಬಿಗೆ. ಕರಾವಳಿಲಿ ಸ್ಯಾಕ್ಸ್ ಇಟ್ಕೊಂಡೋರು ಇದನ್ನ ಬರೆದಿಟ್ಕೊಳ್ಳಿ, ನಾನು ಆರು ವರ್ಷ ಟಿಶ್ಯೂ ಹಿಡ್ಕೊಂಡು ಒರೆಸ್ತಾ ಇದ್ದೆ.

ಎಫ್ ಬ್ಲೂಸ್ ಅಂದ್ರು, ಅಂದ್ರೆ ಎಫ್ ಅನ್ನ ಸ ಮಾಡ್ಕೊಂಡು ನುಡಿಸೋ ಬ್ಲೂಸ್, ಜಾಝಿನೋರು ಸೋಲೊ ಕಟ್ಟೋ ಒಂದು ಚೌಕಟ್ಟು. ಅವರ ಎಫ್ ಅಂದ್ರೆ ನಂಗೆ ಡಿ. ಹನ್ನೆರಡು ಬಾರಿನ ಒಂದು ಸುತ್ತು, ಮೊದಲ ನಾಲ್ಕು ಬಾರು ಮನೆಲಿ (ಸ ಮೇಲೆ), ಐದು ಆರು ಮಧ್ಯಮದ ಮೇಲೆ, ಏಳು ಎಂಟು ಮತ್ತೆ ಮನೆ, ಒಂಬತ್ತು ಪಂಚಮ, ಹತ್ತು ಮಧ್ಯಮ, ಕೊನೇ ಎರಡು ಮನೆ. ಹೇಳೋಕೆ ಸುಲಭ. ನಮ್ಮಲ್ಲಿ ಒಂದ್ಸಲ ಸ ಇಟ್ರೆ ಮೂರು ತಾಸು ಅಲ್ಲಾಡಲ್ಲ, ಇಲ್ಲಿ ಯಾರೋ ಹಿಂದೆ ಕೂತು ಶ್ರುತಿ ಪೆಟ್ಟಿಗೆಯನ್ನ ಎರಡೆರಡು ಬಾರ್‌ಗೆ ತಿರುಗಿಸ್ತಾ ಇದ್ದ ಹಾಗೆ ಅನ್ಸುತ್ತೆ. ನಾನು ಹೆದರಿ ಊದಿದೆ, ಉಸಿರು ಬಿಡದೆ ಊದಿದೆ, ಮೂರು ಸುತ್ತು ಒಂದೇ ಸಮ, ಮದುವೆಲಿ ಗಟ್ಟಿಮೇಳಕ್ಕೆ ಊದಿದ ಹಾಗೆ. ಅಜ್ಜ ಪಕ್ಕಕ್ಕೆ ಬಂದು ಕಿವಿ ಹತ್ರ ‘ಬಾಯ್, ಮಾತ್ಶೆಂ ರಾವ್’ ಅಂದ್ರು, ಸ್ವಲ್ಪ ನಿಲ್ಲು ಅಂತ. ಆಮೇಲೆ ಬೆರಳಲ್ಲಿ ನಾಲ್ಕು ತೋರಿಸಿದ್ರು: ನಾಲ್ಕು ಬಾರು ಊದು, ನಾಲ್ಕು ಬಾರು ಬಿಡು.

ಬಿಟ್ಟೆ. ಮೊದಲ ಸಲ ಬಿಟ್ಟಾಗ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗೆ ಆಯ್ತು, ಎಲ್ರೂ ನೋಡ್ತಿದಾರೆ, ನಾನು ಸುಮ್ನೆ ನಿಂತಿದೀನಿ. ಆದ್ರೆ ಆಗ ಬೇಸು ಕೇಳ್ಸಿತು. ಅಲ್ಲಿ ತನಕ ಆ ಮನುಷ್ಯ ಪ್ರತಿ ಬಾರಲ್ಲೂ ಒಂದೊಂದೇ ಮೆಟ್ಟಿಲು ಇಳಿಸಿ ಮುಂದಿನ ಕಾರ್ಡಿನ ಬಾಗಿಲಿಗೆ ತಂದು ಬಿಡ್ತಿದ್ದದ್ದು ನಂಗೆ ಗೊತ್ತೇ ಆಗಿರ್ಲಿಲ್ಲ. ಮಧ್ಯಮಕ್ಕೆ ಯಾವಾಗ ಹೋಗ್ತಾರೆ ಅಂತ ನಾನು ಎಣಿಸ್ತಾ ಸಾಯ್ತಿದ್ದೆ, ಅವರು ಒಂದು ಬಾರು ಮುಂಚೆನೇ ಹೇಳ್ತಾ ಇದ್ರು. ಮತ್ತೆ ಊದಿದಾಗ ಗಾಂಧಾರಕ್ಕೆ ಬಂದಲ್ಲಿ ಕೈ ತಾನಾಗೇ ಗಮಕ ಹಾಕ್ತು, ಕೆಳಗಿನ ಸಾಧಾರಣ ಗಾಂಧಾರಕ್ಕೂ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಜಾರಿತು, ಅಯ್ಯೋ ತಪ್ಪಾಯ್ತು ಅಂತ ನೋಡಿದ್ರೆ ಕೀಬೋರ್ಡಿನವರು ಜೋರಾಗಿ ‘ಯೆಸ್!’ ಅಂದ್ರು. ಬ್ಲೂಸಲ್ಲಿ ಆ ಜಾಗಕ್ಕೇ ಎಲ್ರೂ ಒದ್ದಾಡೋದಂತೆ. ಕೊನೆಗೆ ಡ್ರಮ್ಸ್ ಜೊತೆ ನಾಲ್ಕು ನಾಲ್ಕು ಬಾರು ಹಂಚ್ಕೊಂಡ್ವಿ, ನಮ್ಮ ತನಿಯಲ್ಲಿ (ತಾಳವಾದ್ಯದವರ ಸರದಿಲಿ) ಕೊರಪ್ಪು, ಅಂದ್ರೆ ಒಬ್ಬರಿಗೊಬ್ಬರು ಉತ್ತರ ಕೊಡೋದು, ಮಾಡಿದ ಹಾಗೇ, ಬರೀ ಅದು ಚಿಕ್ಕದಾಗ್ತಾ ಹೋಗಲ್ಲ ಅಷ್ಟೇ.

ಹಾಗಾಗಿ ಕಳಿಸ್ಬಹುದಾ ಅಂದ್ರೆ: ಹುಡುಗ ಹುಡುಗಿಗೆ ವಾದ್ಯ ಕೈಗೆ ಬಂದಿದ್ರೆ, ನೊಟೇಶನ್ ಸ್ವಲ್ಪ ಓದೋಕೆ ಬರ್ತಿದ್ರೆ ಕಳಿಸಿ. ಹೊಸದಾಗಿ ಶುರು ಮಾಡೋರಿಗೆ ಬೇಡ, ಬ್ಯೂಗಲ್ ಮಕ್ಕಳು ಹನ್ನೆರಡು ದಿನ ಕುರ್ಚಿ ಎತ್ತಿ ಇಟ್ಟದ್ದೇ ಬಂತು. ಸೇರೋ ಮುಂಚೆ ಕೇಳಿ, ನಮ್ಮ ವಾದ್ಯಕ್ಕೆ ಬೇರೆ ಹಾಳೆ ಇದೆಯಾ, ಹಾಲ್ ಹನ್ನೆರಡೂ ದಿನ ಬುಕ್ ಇದೆಯಾ, ಮೇಷ್ಟ್ರು ಎಷ್ಟು ದಿನ ಇರ್ತಾರೆ. ರೀಡ್ (ಊದೋ ಬಾಯಿಗೆ ಕಟ್ಟೋ ತೆಳು ಬೆತ್ತದ ಪಟ್ಟಿ) ಮನೆಯಿಂದ್ಲೇ ಒಯ್ಯಿರಿ, ಕಾರವಾರದಲ್ಲಿ ಎರಡೂವರೆ ನಂಬರಿನ ಒಂದು ರೀಡ್ ಹುಡುಕೋಕೆ ನಾನು ಅರ್ಧ ದಿನ ಅಲೆದೆ, ತೇವಕ್ಕೆ ಸೊಟ್ಟ ಆಗ್ತವೆ, ಗಾಜಿನ ತುಂಡಿನ ಮೇಲೆ ಚಪ್ಪಟೆ ಇಟ್ಟು ಒಣಗ್ಸಿ. ಕ್ಯಾಂಪಿಗೆ ಐದಕ್ಕೆ ಎರಡು ಕೊಡ್ತೀನಿ, ಎರಡೂ ಡ್ರಮ್ಸ್ ಸರ್ರದ್ದು. ಸಂಜೆಗಳಿಗೆ ನಾಲ್ಕೂವರೆ, ಅರ್ಧ ಮಿಕ್ಸಿಗೆ ಹೋಯ್ತು. ಸಂಜೆಗೆ ಬರೋಕೆ ಕ್ಯಾಂಪ್ ಸೇರ್ಬೇಕು ಅಂತೇನೂ ಇಲ್ಲ, ಒಳಗೆ ಬಿಡೋಕೆ ದುಡ್ಡಿಲ್ಲ, ಒಂದು ಸೋಲ್ ಕಡಿ ತಗೊಂಡು ಕೂತ್ರೆ ಹತ್ತು ಗಂಟೆ ತನಕ ಯಾರೂ ಎಬ್ಸಲ್ಲ. ಇದು ಮೊದಲೇ ಗೊತ್ತಿದ್ರೆ ಅಪ್ಪನ 9,500 ಉಳೀತಿತ್ತು.

ಕ್ಯಾಂಪಿಂದ ಬಂದ ಮೇಲೆ ಮೊನ್ನೆ ಹೊನ್ನಾವರದ ಹತ್ರ ಒಂದು ಮದುವೆಗೆ ಗುರುಗಳ ಜೊತೆ ಹೋಗಿದ್ದೆ. ಹಂಸಧ್ವನಿ ರಾಗ ನಡೀತಿತ್ತು, ನನ್ನ ಸರದಿ ಬಂತು, ಎರಡು ಆವರ್ತ ಊದಿ ಎರಡು ಆವರ್ತ ಸುಮ್ನಾದೆ. ಡೋಲಿನವರು ಬಾರಿಸ್ತಾ ಬಾರಿಸ್ತಾನೇ ನನ್ನ ಕಡೆ ಬಗ್ಗಿ ಕೇಳಿದ್ರು, ‘ಎಂತ ಆಯ್ತೇ, ರೀಡ್ ಹೋಯ್ತಾ?’